ಶಕ್ತಿ ಮಾತ್ರೆಯ ಲೇಬಲ್ಲು

ಮನೆಯಿಂದ,
ಬುಧವಾರ ಸಂಜೆ

ಪ್ರೀತಿಯ ಇವಳೇ,

ಹೇಗಿದ್ದೀಯ? ಅಷ್ಟು ಮಕ್ಕಳಿಗೆ ಬಿಸಿಬಿಸಿ ಬಡಿಸುವ ಹಾಸ್ಟೆಲಿನ ಅಡುಗೆಯವಳು ತಾನು ಮಾತ್ರ ಆರಿದ್ದನ್ನು ತಿಂದು ಏಳುತ್ತಾಳೆಂದು ನನಗೆ ಗೊತ್ತು. ಸೊಂಟನೋವು ಕಡಿಮೆಯಾಯಿತೆ? ನಾನು ಕ್ಷೇಮ ಎಂದು ಬರೆಯಹೊರಟೆ, ಕೈ ಬರಲಿಲ್ಲ.

ನೀನು ರಜೆ ಮುಗಿಸಿ ಹೋದ ಮೇಲೆ ನನಗೆ ಮೂತ್ರ ಮಾಡುವಾಗ ಉರಿ ಶುರುವಾಯಿತು. ಉಷ್ಣವಿರಬೇಕೆಂದು ನೀರು ಕುಡಿದೆ. ಒಳಬಟ್ಟೆಯಲ್ಲಿ ಕೀವಿನಂಥ ಕಲೆ ಕಂಡ ಮೇಲೆ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಮೂತ್ರ ಪರೀಕ್ಷೆ ಮಾಡಿಸಿ ಕ್ಲಮಿಡಿಯಾ ಎಂದರು. ಹಾಸಿಗೆ ಹಂಚಿಕೊಂಡವರಿಂದ ಅಂಟುವ ಸೋಂಕು, ಮಾತ್ರೆಗೆ ಪೂರ್ತಿ ವಾಸಿಯಾಗುತ್ತದಂತೆ. ಎಲ್ಲಿಂದ ಬಂತೆಂದು ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನೀನು ರಜೆಗೆ ಬರುವ ಮುಂಚೆ, ಪ್ರೆಸ್ಸಿನ ಕೆಲಸಕ್ಕೆಂದು ಪರವೂರಿಗೆ ಹೋದವನು ಅಲ್ಲಿ ಒಬ್ಬಳ ಜೊತೆ ಮಲಗಿದ್ದೆ. ತಪ್ಪು ನನ್ನದೇ.

"ಹೆಂಡತೀನೂ ಕರ್ಕೊಂಡು ಬನ್ನಿ. ಹೆಂಗಸರಿಗೆ ಎಷ್ಟೋ ಸಲ ಏನೂ ಗೊತ್ತೇ ಆಗಲ್ಲ, ಒಳಗೊಳಗೇ ಕೆಡಿಸುತ್ತೆ" ಎಂದರು ಡಾಕ್ಟರಮ್ಮ. ಗೋಣು ಆಡಿಸಿ ಬಂದೆ. ನಿನ್ನ ಮುಖ ನೋಡಿ ಹೇಳುವ ಧೈರ್ಯ ಎಲ್ಲಿತ್ತು? ಅದೇ ಮಾತ್ರೆಗಳನ್ನು ಅಂಗಡಿಯಲ್ಲಿ ಕೊಂಡು ಬಾಟಲಿಗೆ ತುಂಬಿದೆ. ಲೇಬಲ್ ಅಚ್ಚು ಹಾಕುವವನಲ್ಲವೆ ನಾನು, ಎರಡು ಬಣ್ಣದಲ್ಲಿ 'ಶಕ್ತಿ ಮಾತ್ರೆ' ಎಂದು ಅಚ್ಚು ಹಾಕಿ, ಅಂಚು ಒಂದಿಷ್ಟೂ ವಾರೆಯಾಗದಂತೆ ಅಂಟಿಸಿ, ನಿನ್ನಣ್ಣನ ಕೈಯಲ್ಲಿ ಕಳಿಸಿದೆ. ಅಷ್ಟು ಶ್ರದ್ಧೆಯಿಂದ ನಿನಗೆ ಸುಳ್ಳು ಹೇಳಿದ್ದೇನೆ. ಎಷ್ಟು ಬೇಕಾದರೂ ಬೈದುಕೋ, ಆದರೆ ಮಾತ್ರೆಯನ್ನು ಮಧ್ಯದಲ್ಲಿ ಬಿಡಬೇಡ.

ವಾರ್ಡನ್ ಅಮ್ಮನಿಗೆ ನನ್ನ ನಮಸ್ಕಾರ.

ಇಂತಿ, ನಿನ್ನವನೆಂದು ಬರೆಯಲು ನಾಚುವ
ನಿನ್ನ ಗಂಡ

ತಾ.ಕ.: ಆ ಮಾತ್ರೆ ಮುಟ್ಟಬೇಡ. ಕಾಗದ ಮಡಿಸುವಾಗ ನಿನ್ನ ಅತ್ತಿಗೆ ಬಂದು, "ಅವಳು ಇನ್ನೂ ನಿಮಗೆ ಹೇಳಿಲ್ವಾ? ನೀವು ಅಪ್ಪ ಆಗ್ತಿದ್ದೀರಿ" ಎಂದರು. ಡಾಕ್ಟರಮ್ಮನ ಬಳಿ ಓಡಿದೆ. ಬಸುರಿಯರಿಗೆ ಅದನ್ನು ಕೊಡುವುದಿಲ್ಲವಂತೆ, ಬೇರೆ ಔಷಧಿ ಇದೆಯಂತೆ. ಹಾಗೇ ಬಿಟ್ಟರೆ ಸೋಂಕು ಹುಟ್ಟುವ ಮಗುವಿನ ಕಣ್ಣಿಗೂ ತಗಲಬಹುದಂತೆ. ನಾಲ್ಕಾರು ನುಂಗಿದ್ದರೂ ಹೆದರುವುದು ಬೇಡ, ಮುಚ್ಚಿಡದೆ ಕೂಡಲೇ ತೋರಿಸಿ ಎಂದರು. ಹಾಸ್ಟೆಲಿಗೆ ಫೋನು ಮಾಡಿದೆ, ವಾರ್ಡನ್ ಅಮ್ಮ ಎತ್ತಿದರು. "ಬಾಟ್ಲಿ ಮುಟ್ಬೇಡ ಅಂತ ಹೇಳಿ" ಎಂದೆ, ಕಾರಣ ಹೇಳಲು ಬಾಯಿ ಬರಲಿಲ್ಲ. "ಆಗ್ಲೇ ತಗೋತಿದ್ದಾಳಲ್ಲಪ್ಪ, ನಮ್ಮನೆಯವರು ಕಳಿಸಿದ್ದು ಅಂತ ಎಲ್ಲರಿಗೂ ತೋರಿಸ್ತಾಳೆ" ಎಂದರು ವಾರ್ಡನ್. ಈ ಕಾಗದವನ್ನು ನಾನೇ ತರುತ್ತಿದ್ದೇನೆ. ನೀನು ಓದುವಾಗ ಗೇಟಿನ ಹೊರಗೆ ನಿಂತಿರುತ್ತೇನೆ. ನನ್ನ ಜೊತೆ ಮಾತಾಡದಿದ್ದರೂ ಸರಿ, ಹೊರಗೆ ಬಾ, ಮೊದಲು ಡಾಕ್ಟರ ಹತ್ತಿರ ಹೋಗೋಣ.