ಗಿರಿಜವ್ವನಿಗೊಂದು ಬೇರೆ ಧಾರಾವಾಹಿ

ಸ್ಟೇಷನ್ ರೋಡ್, ಯಾದಗಿರಿ
೧೨ ಫೆಬ್ರುವರಿ ೨೦೨೫

ಮಗಳೇ ಸುನಿತಾ,

ಮುಂಬೈಯಿಂದ ಚೆನ್ನೈಗೆ ಹೋಗುವ ರೈಲು ಯಾದಗಿರಿಯಲ್ಲಿ ಯಾಕೆ ನಿಲ್ಲುತ್ತದೆ, ಗೊತ್ತೇ? ನಿನ್ನ ಅಮಾತೆಪ್ಪ ಕಾಕಾನ ಖಾನಾವಳಿಯ ಝುಣಕದ ವಾಸನೆಗೆ. ಡ್ರೈವರು ತಾನೇ ಇಳಿದು ಬಂದು, ಎರಡು ರೊಟ್ಟಿ ಕಟ್ಟಿಸಿಕೊಂಡು, ನನ್ನ ಅಪ್ಪಣೆ ಪಡೆದ ಮೇಲೆಯೇ ಸೀಟಿ ಊದುವುದು. ಏಳನೇ ಕ್ಲಾಸು ಓದಿದ ಮತ್ತೊಬ್ಬನಿಗೆ ಈ ಮರ್ಯಾದೆ ಸಿಕ್ಕಿದ್ದು ನಾನಂತೂ ಕಾಣೆ.

ಇರಲಿ. ನೀನು ಶಹಾಪುರದಿಂದ ಕೇಳಿದ್ದೆ: "ಕಾಕಾ, ಹಳೇ ಸೀರಿಯಲ್ ಛಲೋನೋ, ಅದರಾಗಿಂದ ಹುಟ್ಟಿದ ಹೊಸಾದು ಛಲೋನೋ?" ಫೋನಿನಲ್ಲಾದರೆ ನಿನ್ನನ್ನು ನಗಿಸಿ ಮಾತು ತಪ್ಪಿಸಿಬಿಡುತ್ತೇನೆ. ಅದಕ್ಕೇ ಕಾಗದ.

'ನಾಲ್ಕು ಒಲೆ' ಐದು ವರ್ಷ ನಡೆಯಿತು. ಒಂದೇ ಮನೆಯ ನಾಲ್ವರು ಓರಗಿತ್ತಿಯರ ಜಗಳ. ಅಡುಗೆಯ ಗಿರಿಜವ್ವ ವಾರಕ್ಕೆ ಎರಡು ಸಲ ಬಾಗಿಲಿಗೆ ಬಂದು, ಒಂದು ಮಾತು ಚುಚ್ಚಿ ಒಳಗೆ ಹೋಗುತ್ತಿದ್ದಳು. ಸುರಪುರದ ನಮ್ಮ ಖಾನಾವಳಿಯಲ್ಲಿ ಉಣ್ಣುವವರು ತುತ್ತು ಕೈಯಲ್ಲೇ ಹಿಡಿದು ಅವಳ ಆ ಮಾತಿಗೆ ಕಾಯುತ್ತಿದ್ದರು. ಜನರ ಈ ಹುಚ್ಚು ನೋಡಿ ಟಿವಿಯವರು ಅವಳಿಗೇ ಬೇರೆ ಧಾರಾವಾಹಿ ಕೊಟ್ಟರು, 'ಗಿರಿಜವ್ವನ ಖಾನಾವಳಿ'. ಅದೇ ನಟಿ, ಅದೇ ಸೆರಗು, ಅದೇ ನಾಲಿಗೆ. ಈಗ ದಿನಾ ಅರ್ಧ ತಾಸು ಮಾತಾಡುತ್ತಾಳೆ. ಆದರೆ ಚುಚ್ಚಿಸಿಕೊಳ್ಳಲು ಆ ಓರಗಿತ್ತಿಯರೇ ಇಲ್ಲ. ಜಗಳವಿಲ್ಲದ ಕಡೆ ಚುಚ್ಚುಮಾತು ಬರೀ ಗೊಣಗಾಟ. ತಾಟಿನ ಅಂಚಿನ ಉಪ್ಪಿನಕಾಯಿಯನ್ನು ಅನ್ನದ ಜಾಗಕ್ಕೆ ಬಡಿಸಿದರೆ ಯಾರು ಉಂಡಾರು?

ಈ ಜಾಣತನ ನನಗೆ ತಡವಾಗಿ ಬಂತು. ಹೊಸ ಧಾರಾವಾಹಿಯ ಜಾಹೀರಾತು ಬಂದ ದಿನ ನನಗೆ ಹೊಳೆದದ್ದೇ ಬೇರೆ. ನಿನ್ನ ಸಣ್ಣವ್ವ ಕಲ್ಯಾಣಮ್ಮ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಹೊರಗೆ ಗಲ್ಲಾದ ಮೇಲೆ ಕುಳಿತು ಗಿರಾಕಿಗಳನ್ನು ನಗಿಸುವುದು ನನ್ನ ಕೆಲಸ. ಇವರೆಲ್ಲ ಬರುವುದು ನನ್ನ ಮಾತಿಗೇ, ಹಾಗಾದರೆ ನನಗೂ ಒಂದು ಬೇರೆ ಖಾನಾವಳಿ ಯಾಕಾಗಬಾರದು ಎನ್ನಿಸಿತು. ಅವಳಿಗೆ ಹೇಳಿದೆ. ಹಂಚಿನಿಂದ ಕಣ್ಣೆತ್ತಲಿಲ್ಲ. "ನಗಾಕ ಬರತಾರೋ, ಉಣ್ಣಾಕ ಬರತಾರೋ, ಹೋಗಿ ನೋಡಿ ಬರ್ರಿ" ಅಂದಳು.

ಬಂದೆ. ಇಲ್ಲಿ ಯಾದಗಿರಿಯಲ್ಲಿ ಖೋಲಿ ಹಿಡಿದು ಧಾರಾವಾಹಿಯ ಹೆಸರನ್ನೇ ಬೋರ್ಡಿಗೆ ಬರೆಸಿದೆ. ಗೋಡೆಯಗಲದ ಟಿವಿ ಹಾಕಿಸಿದೆ. ಎಂಟು ಗಂಟೆಗೆ ಕೂರಲು ಜಾಗವಿಲ್ಲ! ಆರು ಜನರಿಗೆ ಒಂದು ಚಹಾ, ಉಳಿದದ್ದೆಲ್ಲ ನೀರು. ಅಡುಗೆಯವನೂ ಸೌಟು ಹಿಡಿದು ಹೊರಗೆ ಬಂದು ನಿಲ್ಲುತ್ತಿದ್ದ. ಒಳಗೆ ರೊಟ್ಟಿ ಸೀದು ಹೆಂಚಾಗುತ್ತಿತ್ತು. ಧಾರಾವಾಹಿ ಸಪ್ಪೆಯಾದಂತೆ ಆ ಜನವೂ ಬರುವುದು ನಿಂತಿತು.

ಖಾಜಾಮಿಯಾ ನಿನಗೆ ಗೊತ್ತಲ್ಲ, ಮೊದಲು ಸುರಪುರದಲ್ಲಿ ಆಟೋ ಓಡಿಸುತ್ತ ನಮ್ಮಲ್ಲೇ ಉಣ್ಣುತ್ತಿದ್ದವನು. ಈಗ ಇಲ್ಲಿದ್ದಾನೆ. ಒಂದು ಮಧ್ಯಾಹ್ನ ಬಂದು ಪಲ್ಯ ಖಾರವಾಯಿತೆಂದ. ನನ್ನ ಹಳೆಯ ಮಾತನ್ನೇ ಬಿಟ್ಟೆ: "ಖಾರಕ್ಕ ರೊಕ್ಕಿಲ್ಲೋ, ಅದು ನಮ್ಮ ಮನಿಯಾಕಿ ಸಿಟ್ಟು, ಪುಕ್ಕಟ!" ಸುರಪುರದಲ್ಲಿ ಈ ಮಾತಿಗೆ ಸೂರು ಹಾರುವಂತೆ ನಗುತ್ತಿದ್ದರು. ಇವನು ನಗಲಿಲ್ಲ.

"ಅರೆ ಭಾಯಿ," ಅಂದ, "ಅಲ್ಲಿ ನೀ ಹಿಂಗಂದ್ರ ಒಳಗಿಂದ ಕಲ್ಯಾಣಮ್ಮ ಸೌಟು ಬಡೀತಿದ್ಳು. ನಾವು ಅದಕ್ಕ ನಗತಿದ್ವಿ. ಇಲ್ಲಿ ಯಾರು ಬಡೀತಾರ?"

ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದ. ಸುರಪುರದಲ್ಲಿ ತಾಟು ಬೆಳಗಿದಂತೆ ಉಣ್ಣುತ್ತಿದ್ದವನು. ಅವತ್ತು ಆ ತಾಟನ್ನು ನಾನೇ ತೊಳೆದೆ, ಮಗಳೇ.

ಶನಿವಾರ ಬೋರ್ಡು ಇಳಿಸಿದೆ. ನಲವತ್ತು ಸಾವಿರ ಹೋಯಿತೆಂದು ನಿನ್ನ ಸಣ್ಣವ್ವನಿಗೆ ಫೋನಿನಲ್ಲಿ ಹೇಳಿದೆ. "ಹೋಗ್ಲಿ ಬಿಡ್ರಿ, ಬುದ್ಧಿ ಬಂತಲ್ಲ" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಹನ್ನೆರಡು ವರ್ಷ ಬಾಡಿಗೆ ಕಟ್ಟಿದ ಸುರಪುರದ ಖಾನಾವಳಿಯ ಖೋಲಿಯನ್ನು ಅವಳು ಕೊಳ್ಳುತ್ತಾಳೆ, ಸೋಮವಾರ ಮಾಲೀಕನಿಗೆ ಮುಂಗಡ ಕೊಡುತ್ತಾಳೆ ಎಂದು ನೀನು ಬರೆದಿದ್ದೆ. ಅದನ್ನು ಓದಿದಂದಿನಿಂದ ದಿನಾ ಪಾಸ್‌ಬುಕ್ ತೆಗೆದು ನೋಡುತ್ತೇನೆ. ಬ್ಯಾಂಕಿನ ಖಾತೆ ಇಬ್ಬರ ಹೆಸರಲ್ಲಿದೆ. ಪಾಸ್‌ಬುಕ್ ನನ್ನ ಹತ್ತಿರ. ಅವಳು ಅದನ್ನು ಯಾವತ್ತೂ ಕೇಳಿದವಳಲ್ಲ.

ಭಾನುವಾರ ನೀನು ಸುರಪುರಕ್ಕೆ ಹೋಗುತ್ತೀಯಲ್ಲ, ಈ ಕಾಗದ ಅವಳಿಗೆ ಓದಿ ಹೇಳು. ನಾನು ಹಿಂದಕ್ಕೆ ಬರಲೇ ಎಂದು ಕೇಳು. ಗಲ್ಲಾ ಬೇಡ. ಹಿತ್ತಲಲ್ಲಿ ತಾಟು ತೊಳೆಯುತ್ತೇನೆ, ಬಾಯಿ ಮುಚ್ಚಿಕೊಂಡು. ಬಾಯಿ ಮುಚ್ಚುವುದಂತೂ ಸುಳ್ಳು, ತಾಟು ತೊಳೆಯುವುದು ನಿಜ.

ದಣಿದಿದ್ದೇನೆ. ಸುಮ್ಮನೆ ಕುಳಿತರೂ ದಣಿವು.

ನಿನ್ನ ಕಾಕಾ,
ಅಮಾತೆಪ್ಪ

ತಾಜಾ ಕಲಂ: ಓದುವಾಗ ರೈಲು, ಧಾರಾವಾಹಿ ಎಲ್ಲ ಬಿಟ್ಟು ಇಲ್ಲಿಂದಲೇ ಶುರು ಮಾಡು. ಅವಳು ಮಾಲೀಕನಿಗೆ ಮಾತು ಕೊಡುವ ಮೊದಲೇ ತಿಳಿಯಬೇಕು. ಹೋದದ್ದು ನಲವತ್ತು ಸಾವಿರವಲ್ಲ. ಖೋಲಿಗೆಂದು ಅವಳು ಕೂಡಿಟ್ಟಿದ್ದಷ್ಟೂ ಹೋಗಿದೆ: ಎರಡು ಲಕ್ಷ ಎಪ್ಪತ್ತಮೂರು ಸಾವಿರ.