ಬಸ್ ನಿಲ್ದಾಣದ ಗೋಡೆಯ ಹುಡುಗಿ

ಸ್ತಾರಿ ಲೊಜಿ, ಪೊಲ್ತಾವಾ ಸೀಮೆ, ಉಕ್ರೇನ್
2024ರ ಅಕ್ಟೋಬರ್ 9

ಕುಮಾ ಜೀನಾ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಎರಡೂವರೆ ವರ್ಷದಿಂದ ಒಂದು ಸಾಲೂ ಬರೆಯಲಿಲ್ಲ, ತಪ್ಪು ಅಂದುಕೊಂಡರೆ ತಪ್ಪೇ. ಆದರೆ ಯುದ್ಧ ಶುರುವಾದ ವಾರ ನೀನು ಗಡಿಯಾಚೆಯ ಕುರ್ಸ್ಕ್‌ನಿಂದ ಫೋನ್ ಮಾಡಿ, "ಹೆದರ್ಬೇಡ ಮೊಟ್ರಿಯಾ, ನಿಮ್ಮನ್ನ ಬಿಡಿಸೋಕೇ ಬರ್ತಿದ್ದಾರೆ, ನನ್ನ ಮೊಮ್ಮಗ ವಾದಿಮ್ಮೂ ಹೊರಟಿದ್ದಾನೆ" ಅಂದೆಯಲ್ಲ, ಆಗ ನಾನು ಆಲೂಗಡ್ಡೆ ಇಡುವ ನೆಲಮಾಳಿಗೆಯಲ್ಲಿ ಅಡಗಿ ಕೂತಿದ್ದೆ. ಯಾರಿಂದ ಬಿಡಿಸುವುದು ಕಣೇ? ನಮ್ಮಿಬ್ಬರ ನಡುವೆ ಈಗ ಅಂಚೆಯೂ ಇಲ್ಲ. ಇದನ್ನು ಜಾರ್ಜಿಯಾದಲ್ಲಿರುವ ನಿನ್ನ ನಾದಿನಿಗೆ ಕಳಿಸುತ್ತೇನೆ, ಅವಳು ನಿನಗೆ ಮುಟ್ಟಿಸಲಿ.

ಈ ಸಲ ಕುಂಬಳಕಾಯಿ ಚೆನ್ನಾಗಿ ಬಂದಿದೆ. ಕರೆಂಟು ಮಾತ್ರ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನೀನು ಧರ್ಮತಾಯಿಯಾಗಿ ಎತ್ತಿಕೊಂಡು ಕದ್ದುಮುಚ್ಚಿ ಜ್ಞಾನಸ್ನಾನ ಮಾಡಿಸಿದ ನನ್ನ ಹಾನ್ನಾ ಜೊತೆಯಲ್ಲೇ ಇದ್ದಾಳೆ, ಮಾತು ಕಡಿಮೆಯಾಗಿದೆ. ನಿನ್ನನ್ನು ಕುಮಾ ಎಂದು ಕರೆಯುವ ಹಕ್ಕು ಅವಳಿಂದಲೇ ಅಲ್ಲವೇ ಬಂದದ್ದು? ಅವಳ ಮಗ ನಜಾರ್ ಊರಿಗೆ ಬಂದಿದ್ದಾನೆ. ಅವನ ವಿಷಯ ಆಮೇಲೆ ಬರೆಯುತ್ತೇನೆ.

ಮೊದಲು ಗೋಡೆಯ ವಿಷಯ. ನಮ್ಮ ಲುಕ್ಯಾನ್ ಬಸ್ ನಿಲ್ದಾಣದ ಗೋಡೆಗೆ ಒಡೆದ ಟೈಲ್ಸು, ಪಿಂಗಾಣಿ ಚೂರು ಅಂಟಿಸಿ ಮಾಡಿದ ಹುಡುಗಿ ನೆನಪಿದ್ದಾಳಾ? ಕಸೂತಿ ಅಂಗಿ, ತೋಳಲ್ಲಿ ಗೋಧಿ ಕಟ್ಟು, ತಲೆಯ ಮೇಲೆ ಕೆಂಪು ನಕ್ಷತ್ರ? ನೆನಪಿಲ್ಲದೆ ಏನು! ನಮ್ಮೂರಿಗೆ ದನದ ಡಾಕ್ಟರಾಗಿ ರಷ್ಯಾದಿಂದ ಬಂದವಳು ನೀನು. ಒಂದು ಬೇಸಿಗೆಯೆಲ್ಲ ಅವನೆದುರು ಸ್ಟೂಲಿನ ಮೇಲೆ ಕೂತು ಬೆನ್ನು ನೋಯುತ್ತದೆ ಎಂದು ಅವನನ್ನು ಬೈದೆ. ಕಟ್ಟಿಕೊಂಡ ಹೆಂಡತಿ ನಾನಿರುವಾಗ ನನ್ನ ಮುಖಕ್ಕೇನಾಗಿದೆ ಎಂದು ನಾನು ಜಗಳ ತೆಗೆದರೆ ಅವನು, "ನಿಂದು ದುಂಡು ಮುಖ ಮಾರಾಯ್ತಿ. ಟೈಲ್ಸ್ ಒಡೆದ್ರೆ ಮೂಲೆ ಮೂಲೆಯಾಗೇ ಒಡೆಯೋದು. ಜೀನಾ ಮುಖವೇ ವಾಸಿ" ಅಂದ. ಕೊನೆಗೆ ನನ್ನ ಮದುವೆಯ ಅಂಗಿಯನ್ನು ನಿನಗೆ ತೊಡಿಸಿದೆವು. ಆ ಬೇಸಿಗೆಯನ್ನು ಕಂಡವರಲ್ಲಿ ಈಗ ಊರಲ್ಲಿ ಉಳಿದವಳು ನಾನೊಬ್ಬಳೇ.

ಹೊಸ ಕಾನೂನಿನ ಪ್ರಕಾರ ಹಳೇ ಸೋವಿಯತ್ ಸರ್ಕಾರದ ಗುರುತೆಲ್ಲ ಹೋಗಬೇಕಂತೆ. ಊರ ಅಧ್ಯಕ್ಷೆ ಓರಿಸ್ಯಾ ಸಭೆ ಕರೆದಳು. ಪಕ್ಕದೂರಿನಿಂದ ಮನೆಯಳಿಯನಾಗಿ ಬಂದ ಹ್ನಾತ್ ಎದ್ದು, "ನಕ್ಷತ್ರ ಒಂದೇ ಯಾಕೆ? ಗೋಡೇನೇ ಉರುಳಿಸಿ. ಆ ಚೂಪು ಮೂಗು ನೋಡಿ, ನಮ್ಮೂರಲ್ಲಿ ಅಂಥಾ ಮೂಗು ಯಾರಿಗಿದೆ?" ಅಂದ.

ಚಿತ್ರದ ಮೇಷ್ಟ್ರು ಯಾರೆಮಾ ಬಿಡಲಿಲ್ಲ. "ನಿಮ್ಮ ಮೂಗೇ ಅಳತೆ ಅಂದ್ರೆ ನಾವ್ಯಾರೂ ಉಕ್ರೇನಿನವರಲ್ಲ ಬಿಡಿ, ತಾತ!" ಎಲ್ಲರೂ ನಕ್ಕರು. ಯಾರೆಮಾ ಮಾತ್ರ ನಗಲಿಲ್ಲ. "ಬಿಳಿ ಮೇಲೆ ಬಿಳಿ ಕಸೂತಿ ನೋಡಿ, ಪೊಲ್ತಾವಾದವ್ರು ಬಿಟ್ರೆ ಇನ್ಯಾರು ಹಾಕ್ತಾರೆ? ಆ ಮುಖ ನೋಡಿ, ಈ ನೆಲದ್ದೇ ಮುಖ. ನಮ್ಮ ಹುಡುಗ್ರು ಅದನ್ನೇ ತೋಳಿಗೆ ಬಿಲ್ಲೆ ಮಾಡಿ ಹೊಲಿಸ್ಕೊಂಡು ಯುದ್ಧಕ್ಕೆ ಹೋಗಿದ್ದಾರೆ."

ಆ ಬಿಲ್ಲೆಯ ಯೋಚನೆ ನಜಾರ್‌ನದು. ಚಿಕ್ಕಂದಿನಲ್ಲಿ ಬಸ್ಸಿಗೆ ಕಾಯುವಾಗಲೆಲ್ಲ "ನಮ್ಮಜ್ಜಿ, ನಮ್ಮಜ್ಜಿ" ಎಂದು ಗೋಡೆಗೆ ಮುತ್ತಿಡುತ್ತಿದ್ದ. ಮಗು, ಬಿಡಿಸಿ ಹೇಳಲು ನನಗೆ ಮನಸ್ಸು ಬರಲಿಲ್ಲ.

ಓರಿಸ್ಯಾ ನನ್ನ ಕಡೆ ತಿರುಗಿದಳು. "ಮೊಟ್ರಿಯಾ ಅಜ್ಜಿ, ಅದು ನೀವೇ ಅಲ್ವಾ? ಒಂದ್ ಮಾತು ಹೇಳ್ಬಿಡಿ, ಗೋಡೆ ಉಳಿಯುತ್ತೆ."

ನಿನ್ನ ಹೆಸರು ಎತ್ತಿದ್ದರೆ ಅವತ್ತೇ ಟ್ರ್ಯಾಕ್ಟರ್ ತಂದು ಕೆಡವುತ್ತಿದ್ದರು. "ಹೂಂ, ನಾನೇ" ಅಂದೆ.

"ಹಂಗಾದ್ರೆ ಆ ಮೂಗು?" ಅಂದ ಹ್ನಾತ್.

"ವಯಸ್ಸಾದ್ಮೇಲೆ ನಂದು ದಪ್ಪ ಆಯ್ತು ಕಣೋ, ನಿನ್ ಹೊಟ್ಟೆ ಥರ."

ನಕ್ಕು ಸಭೆ ಮುಗಿಸಿದರು. ನಕ್ಷತ್ರ ಕಿತ್ತರು, ಅಲ್ಲೀಗ ಬೋಳು ಸಿಮೆಂಟು. ನೀನು ಉಳಿದೆ.

ಆದರೆ ಜೀನಾ, ನಾನು ಉಳಿಸಿದ್ದಾದರೂ ಏನನ್ನು? ಅಂಗಿ ನನ್ನದು, ಮುಖ ನಿನ್ನದು, ಕೈ ಲುಕ್ಯಾನನದು. ಮಾಡಿಸಿದ್ದು ಅವನ ಅಜ್ಜನನ್ನು ಹಸಿವಿನಿಂದ ಸಾಯಿಸಿದ ಸರ್ಕಾರ. ಇದರಲ್ಲಿ ನಮ್ಮದು ಯಾವುದು, ನಿಮ್ಮದು ಯಾವುದು? ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಗಿದೆ. ಬಸ್ಸಿಗೆ ಹೋದಾಗ ನಿನ್ನನ್ನು ನೋಡಿ ಉಗಿಯಬೇಕು ಅನ್ನಿಸುತ್ತದೆ. ಮರುಗಳಿಗೆಗೆ ತಲೆವಸ್ತ್ರದ ತುದಿಯಿಂದ ನಿನ್ನ ಕೆನ್ನೆಯ ಧೂಳು ಒರೆಸುತ್ತಿರುತ್ತೇನೆ. ನನಗೇನಾಗಿದೆಯೋ ನನಗೇ ಗೊತ್ತಿಲ್ಲ.

ದೇವರು ನಿನ್ನ ಮನೆಯನ್ನು ಕಾಯಲಿ. ಈ ಮಾತು ಬರೆಯಬಹುದೋ ಬಾರದೋ ತಿಳಿಯದು. ಬರೆದಾಯಿತು, ಹೊಡೆದು ಹಾಕುವುದಿಲ್ಲ.

ನಿನ್ನ ಕುಮಾ,
ಮೊಟ್ರಿಯಾ

ತಾ.ಕ.: ನಜಾರ್ ವಿಷಯ ಆಮೇಲೆ ಬರೆಯುತ್ತೇನೆ ಅಂದಿದ್ದೆ. ಅವನು ಬಂದದ್ದು ಪೆಟ್ಟಿಗೆಯಲ್ಲಿ. ಸಭೆಯ ಹಿಂದಿನ ವಾರ ಲುಕ್ಯಾನನ ಪಕ್ಕದಲ್ಲಿ ಮಣ್ಣು ಮಾಡಿದೆವು. ದಾರಿಯುದ್ದಕ್ಕೂ ಊರು ಮಂಡಿಯೂರಿತ್ತು. ಅವನ ಜೊತೆ ಇದ್ದವನು ಆ ಬಿಲ್ಲೆಯನ್ನು ನನ್ನ ಕೈಗೆ ಕೊಟ್ಟು, "ಗುಂಡು ಹಾರೋವಾಗೆಲ್ಲ ಇದನ್ನ ಮುಟ್ಕೊಳ್ತಿದ್ದ. ನಮ್ಮಜ್ಜಿ ಕಾಯ್ತಾಳೆ ಅಂತಿದ್ದ" ಅಂದ. ಕೊನೆಗೂ ಅವನು ಮುಟ್ಟಿಕೊಂಡದ್ದು ನಿನ್ನ ಕೆನ್ನೆಯನ್ನು, ಜೀನಾ. ಸಭೆಯಲ್ಲಿ ಅದು ನಾನೇ ಅಂದದ್ದು ಗೋಡೆಗಾಗಿ ಅಲ್ಲ. ವಾದಿಮ್ ಮನೆಗೆ ಬಂದರೆ ಒಂದು ಮಾತು ಕೇಳಿ ಬರೆ: ಅಲ್ಲಿ ಯಾರದಾದರೂ ತೋಳಿನ ಮೇಲೆ ಅವನು ತನ್ನ ಅಜ್ಜಿಯನ್ನು ನೋಡಿದನೇ?