ಅತ್ತೆಯ ಐವತ್ತೆರಡು ಭೇಟಿಗಳು

ಹೊಸ ಮನೆ, ಎರಡನೇ ಮಹಡಿ
ನವೆಂಬರ್ ೪, ಮಂಗಳವಾರ

ಪ್ರೀತಿಯ ಅಪ್ಪಾ,

ಜ್ವರ ಹರಡುವ ಲೆಕ್ಕದ ನಮ್ಮ ಮಾದರಿಯನ್ನು ಆರೋಗ್ಯ ಇಲಾಖೆ ಒಪ್ಪಿಬಿಟ್ಟಿತು, ಅದೂ ನನ್ನ ಅತ್ತೆಯ ಸಿಟ್ಟಿನ ಪುಣ್ಯದಿಂದ! ಅಯ್ಯೋ, ಮೊದಲು ನಿನ್ನ ಆರೋಗ್ಯ ಕೇಳಬೇಕಿತ್ತು. ಕೆಮ್ಮು ಹೇಗಿದೆ? ಹೋದ ಚಳಿಗಾಲ ನೀನು ಫ್ಲೂ ಜ್ವರದಿಂದ ಎಂಟು ದಿನ ಆಸ್ಪತ್ರೆಯಲ್ಲಿ ಮಲಗಿದ್ದನ್ನು ನಾನಿನ್ನೂ ಮರೆತಿಲ್ಲ. ಈ ವರ್ಷವೂ ಲಸಿಕೆ ಬೇಡ ಎಂದೆಯಂತೆ, ಅಮ್ಮ ಫೋನಿನಲ್ಲಿ ಹೇಳಿದಳು. ನಿನ್ನ ಅಳಿಯ ಚೆನ್ನಾಗಿದ್ದಾರೆ. ಅವರು ಮಾಡುವ ಚಹಾ ಮಾತ್ರ ಚೆನ್ನಾಗಿಲ್ಲ, ಆದರೂ ಎರಡು ಲೋಟ ಕುಡಿಯುತ್ತೇನೆ. ಮದುವೆಯಾಗಿ ಆರೇ ವಾರ, ಹೊಗಳದೆ ಇರಲಾದೀತೇ?

ಈಗ ಕಥೆ ಕೇಳು. ಜ್ವರ ಹೇಗೆ ಹರಡೀತು ಎಂದು ಗಣಿತದಿಂದ ಅಂದಾಜು ಮಾಡಲು, ಯಾರು ದಿನಕ್ಕೆ ಎಷ್ಟು ಜನರನ್ನು ಹತ್ತಿರದಿಂದ ಕಾಣುತ್ತಾರೆ ಎಂಬುದು ನಮಗೆ ಗೊತ್ತಿರಬೇಕು. ಮನೆಮನೆಗೆ ಹಂಚಿದ ಹಾಳೆಗಳ ಪ್ರಕಾರ, ಅರವತ್ತು ದಾಟಿದವರು ಕಾಣುವುದು ಸರಾಸರಿ ನಾಲ್ಕೇ ಜನರನ್ನು. ಹಾಗಾದರೆ ಹಿರಿಯರಿಗೆ ಲಸಿಕೆ ನಿಧಾನವಾಗಿ ಕೊಟ್ಟರೂ ನಡೆಯುತ್ತದೆ ಎಂದಿತು ಮಾದರಿ. ಉಳಿದಿದ್ದ ಒಂದು ಹಾಳೆಯನ್ನು ಅತ್ತೆಗೆ ಕೊಟ್ಟೆ. “ಬಂದು ಒಂದು ತಿಂಗಳೂ ಆಗಿಲ್ಲ, ನಾನು ಯಾರನ್ನ ನೋಡ್ತೀನಿ ಅಂತ ಸೊಸೆಗೆ ವರದಿ ಒಪ್ಪಿಸಬೇಕಾ?” ಎಂದರು. ಎರಡು ದಿನ ಅಡುಗೆಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು. ಮೂರನೆಯ ದಿನ ಹಾಳೆಯನ್ನು ನನ್ನ ತಟ್ಟೆಯ ಪಕ್ಕ ಬಡಿದಿಟ್ಟರು. ಐವತ್ತೆರಡು ಜನ! ಹೆಚ್ಚಿನವರು ಶಾಲೆಯ ಗೇಟಿನ ಬಳಿ, ಅತ್ತೆಯ ಹಾಗೇ ಮೊಮ್ಮಕ್ಕಳನ್ನು ಕರೆತರಲು ಬಂದು ಅರ್ಧ ಗಂಟೆ ಮೈಗೆ ಮೈ ತಾಗಿಸಿ ಹರಟುವ ಅಜ್ಜ ಅಜ್ಜಿಯರು.

ನಮ್ಮ ಮುಖ್ಯಸ್ಥರು, “ನಿಮ್ಮತ್ತೆ ಚುನಾವಣೆಗೆ ನಿಂತಿದ್ದಾರಾ?” ಎಂದು ನಕ್ಕರು. ನಾನು ಬಿಡಲಿಲ್ಲ. ಹಳೆಯ ಹಾಳೆಗಳನ್ನೆಲ್ಲ ಮತ್ತೆ ತೆಗೆದು ನೋಡಿದರೆ, ಹಿರಿಯರ ಪರವಾಗಿ ಬರೆದವರೆಲ್ಲ ಮಕ್ಕಳು, ಸೊಸೆಯಂದಿರು! ಈ ಸಲ ಹಿರಿಯರನ್ನೇ ಕೂರಿಸಿ ಕೇಳಿದೆವು. ನಾಲ್ಕು ಇದ್ದದ್ದು ಇಪ್ಪತ್ತೆಂಟಾಯಿತು. ಮುಂದಿನ ವಾರದಿಂದ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿಯೇ ಹಿರಿಯರಿಗೆ ಲಸಿಕೆ. ಅತ್ತೆ ಈಗ ಬೀದಿಯವರಿಗೆಲ್ಲ, ಗಣಿತ ತಿದ್ದಿದ್ದು ತಾನೇ ಎನ್ನುತ್ತಿದ್ದಾರೆ. ಸುಳ್ಳೇನಲ್ಲ.

ಅಮ್ಮನಿಗೆ ಒಂದು ಮುತ್ತು. ಬೀಗರಿಗೆ ಅತ್ತೆಯ ನಮಸ್ಕಾರ.

ನಿನ್ನ
ಗಿರಗಿಟ್ಲೆ

ತಾ.ಕ.: ಬೈಯಬೇಡ ಅಪ್ಪಾ, ಮದುವೆಗೆ ಮುಂಚೆ ನಿನ್ನ ಹಾಳೆ ತುಂಬಿದ್ದು ನಾನೇ. ‘ಟೈಲರ್, ಮಿಷನ್ ಬಿಟ್ಟು ಏಳುವುದಿಲ್ಲ, ಮೂರು ಜನ’ ಎಂದು ನಿನ್ನನ್ನು ಕೇಳದೆ ಬರೆದೆ. ದಿನವಿಡೀ ಊರವರ ಕತ್ತಿಗೆ ಟೇಪು ಸುತ್ತುವವನು ನೀನು! ಆ ತಪ್ಪು ನನ್ನದು, ತಿದ್ದುವವಳೂ ನಾನೇ. ಅಲ್ಲಿಯ ಆಸ್ಪತ್ರೆಯಲ್ಲಿ ಲಸಿಕೆಗೆ ನಿನ್ನ ಹೆಸರು ಬರೆಸಿದ್ದೇನೆ, ಕೈ ಹಿಡಿದುಕೊಂಡು ಕರೆದೊಯ್ಯಲು ಬರುತ್ತಿದ್ದೇನೆ. ಶುಕ್ರವಾರ, ಬೆಳಗಿನ ಏಳು ನಲವತ್ತರ ಪ್ಯಾಸೆಂಜರ್ ರೈಲು.